ಕವುಚಿದ ತಟ್ಟೆ

ಆಗಸ್ಟ್ 9, ಶನಿವಾರ. ಫ್ರಾನ್ಸ್‌ನ ಲಿಮೋಜ್ ಬಳಿಯ ಹಳ್ಳಿ.

ಬೆಳಿಗ್ಗೆ ಪಾತ್ರೆ ಒರೆಸುವಾಗ ಈ ಮನೆಯ ತಟ್ಟೆಗಳ ಬೆನ್ನಿನ ಮೇಲೂ ಚಾಕುವಿನ ಗೀರುಗಳು ಕಂಡವು. ಏಕೆಂದು ಕೇಳಲು ಸಂಕೋಚವಾಯಿತು. ಕೇಳಬೇಕಿತ್ತು.

ರಾತ್ರಿ ಊಟದ ಕೊನೆಗೆ ಅಮ್ಮನ ಬಾಲ್ಯದ ಗೆಳತಿ ಸೊಲಾಂಜ್ ಸಿಹಿಗೆಂದು ಪ್ಲಮ್ ಹಣ್ಣಿನ ಟಾರ್ಟ್ ತಂದರು. "ಬೇರೆ ತಟ್ಟೆ ಕೊಡ್ತೀರಾ? ಇದು ಎಂಜಲಾಗಿದೆ," ಎಂದುಬಿಟ್ಟೆ. ಆಮೇಲೆ ನೋಡಿದರೆ ಅವರ ಗಂಡ ಅರ್ಮಾಂ ಬ್ರೆಡ್ಡಿನ ಚೂರಿನಿಂದ ತಮ್ಮ ತಟ್ಟೆಯನ್ನು ಒರೆಸಿ, ಕವುಚಿ, ಅದರ ಬೆನ್ನಿಗೆ ಟಾರ್ಟ್ ಬೀಳಲೆಂದು ಕಾಯುತ್ತಿದ್ದರು.

"ನೋಡೇ, ಪ್ಯಾರಿಸ್‌ನೋರು ಬಂದವ್ರೆ! ತಟ್ಟೆಗೆ ಒಂದೇ ಮುಖ ಅಂದ್ಕೊಂಡವ್ರೆ!" ಎಂದು ನಕ್ಕರು.

"ಸುಮ್ನಿರ್ರೀ, ಪಾಪ ಮಗು," ಎಂದ ಸೊಲಾಂಜ್ ಬೀರುವಿನಿಂದ ಮದುವೆಯ ಪಿಂಗಾಣಿ ತಟ್ಟೆಗಳನ್ನು ತಂದರು. ನನಗೆ ಮಾತ್ರವಲ್ಲ, ಮೂವರಿಗೂ. ಗಂಡನ ಕವುಚಿದ ತಟ್ಟೆಯನ್ನು ಎತ್ತಿಕೊಂಡು ಹೋದರು. ಸೊಲಾಂಜ್ ಅವರ ಕಿವಿ ಕೆಂಪಾಗಿತ್ತು. ಅರ್ಮಾಂ ಅವರ ನಗು ನಿಂತಿತು.

ಅವರದೇ ಮನೆಯಲ್ಲಿ, ಅವರದೇ ಅಭ್ಯಾಸಕ್ಕೆ ಅವರು ನಾಚುವಂತೆ ಮಾಡಿದೆ. ಐದು ವರ್ಷ ಸಾಹಿತ್ಯ ಓದಿ, ಜನರನ್ನು ಗಮನಿಸುತ್ತೇನೆಂದು ಬೀಗುವವಳು ಪಕ್ಕದ ತಟ್ಟೆಯನ್ನೇ ನೋಡಲಿಲ್ಲ. ಕ್ಷಮೆ ಕೇಳಿದರೆ ಅವರಿಗೆ ಇನ್ನೂ ಮುಜುಗರ.

ಬೆಳಗಿನ ರೈಲಿಗೆ ಹೋಗುವುದಿಲ್ಲ. ನಾಳೆ ಮಧ್ಯಾಹ್ನದ ಊಟಕ್ಕೆ ಇರುತ್ತೇನೆ. ಎಲ್ಲರಿಗಿಂತ ಮೊದಲು ನನ್ನ ತಟ್ಟೆ ಕವುಚುತ್ತೇನೆ.