ಬ್ಯಾಂಡ್ ಬಾರಿಸುವಾಗ ಮೀನು ಕೊಳ್ಳುವವರಿಲ್ಲ

ಅಜ್ಜೀ,
ಬೇಸಿಗೆಯ ಕೆಲಸ ಕೈತಪ್ಪುವುದರಲ್ಲಿತ್ತು! ನಮ್ಮ ಕಪ್ಪುಜನರ ಕಾಲೇಜಿನ ಫುಟ್‌ಬಾಲ್ ಪಂದ್ಯಗಳಲ್ಲಿ ಕರಿದ ಮೀನು ಯಾವಾಗ ಹೆಚ್ಚು ಖರ್ಚಾಗುತ್ತದೆಂದು ಡೇಟಾ ಕ್ಲಾಸಿಗೆ ಗ್ರಾಫ್ ಮಾಡಿದ್ದೆ. ಕೆಲಸ ಕೊಡಲು ಬಂದಿದ್ದ ಕಂಪನಿಯ ಸಾಹೇಬರು ನೋಡಿ ನಕ್ಕುಬಿಟ್ಟರು: "ಅರ್ಧ ಆಟದ ವಿರಾಮದಲ್ಲಿ ವ್ಯಾಪಾರ ಸೊನ್ನೆನಾ? ಜನ ತಿನ್ನೋಕೆ ಏಳೋದೇ ಆಗ. ಎಲ್ಲೋ ತಪ್ಪಿದ್ದೀಯಮ್ಮ."

ನಮ್ಮ ಮೇಡಂ, "ಶನಿವಾರ ಮ್ಯಾಚಿಗೆ ಬಂದು ನೋಡಿ ಸಾರ್" ಅಂದರು.

ಬಂದರು. ವಿರಾಮಕ್ಕೆ ನಮ್ಮ ಬ್ಯಾಂಡ್ ಮೈದಾನಕ್ಕಿಳಿಯಿತು, ಇವರು ಮೀನು ತರಲು ಎದ್ದರು. ಹಿಂದಿನ ಸಾಲಿನ ಹಿರಿಯಮ್ಮ ಗದರಿದಳು: "ಕೂತ್ಕೊಳ್ಳಪ್ಪಾ, ಬ್ಯಾಂಡ್ ಕಾಣ್ತಿಲ್ಲ! ಮೀನೇನು ಓಡ್ಹೋಗುತ್ತಾ?"

ಕೂತರು. ಸ್ವಲ್ಪ ಹೊತ್ತಿಗೆ ಎಲ್ಲರ ಜೊತೆ ಕುಣಿದರು!! ಬ್ಯಾಂಡ್ ನಿಲ್ಲುವವರೆಗೂ ಒಬ್ಬ ಗಿರಾಕಿಯೂ ಇಲ್ಲದ ಮೀನಂಗಡಿ ನೋಡಿ, "ಜೂನ್‌ಗೆ ಕೆಲಸಕ್ಕೆ ಬಾಮ್ಮ. ಇದು ಗೊತ್ತಿರೋರು ನಮ್ಮಲ್ಲಿ ಒಬ್ಬರೂ ಇಲ್ಲ" ಅಂದರು!

ಕಿರುಚಿ ಕಿರುಚಿ ಗಂಟಲು ಕಟ್ಟಿದೆ, ಅದಕ್ಕೇ ಫೋನ್ ಮಾಡಲಿಲ್ಲ. ಕಾರ್ಡಿನಲ್ಲಿ ಜಾಗ ಮುಗೀತು!
ನಿನ್ನ ಜನೇಯಾ