ಸಭೆಯಲ್ಲಿ ನಿಮ್ಮನ್ನು ಹೊಗಳಿದರು

ಅಪ್ಪಾ,

ಇವತ್ತು ಕಾರ್ಖಾನೆಯಲ್ಲಿ ನಿಮ್ಮ ಶ್ರದ್ಧಾಂಜಲಿ ಸಭೆ ನಡೆಯಿತು. ಬಾಯ್ಲರ್ ಸೋರುತ್ತಿದೆ ಎಂದು ನೀವು ಮೂರು ಸಲ ಬರೆದುಕೊಟ್ಟರೂ ಕಿವಿಗೆ ಹಾಕಿಕೊಳ್ಳದ ಮ್ಯಾನೇಜರು ನಿಮ್ಮನ್ನು 'ಕರ್ಮಯೋಗಿ', 'ಪ್ರಾತಃಸ್ಮರಣೀಯರು' ಎಂದು ಹಾಡಿ ಹೊಗಳಿದರು. ಒಂದೊಂದು ಪದಕ್ಕೂ ನನ್ನ ಅನುಮಾನ ಹೆಚ್ಚಾಯಿತು. ಸಭೆ ಮುಗಿದದ್ದೇ ತಡ, ನನ್ನನ್ನು ಪಕ್ಕಕ್ಕೆ ಕರೆದು ಒಂದು ಕಾಗದ ಚಾಚಿದರು.

"ಇಲ್ಲೊಂದು ಸಹಿ ಹಾಕಮ್ಮ. ಸುಮ್ನೆ ಫಾರ್ಮಾಲಿಟಿ."

ಬಾಯ್ಲರ್ ಸಿಡಿದದ್ದಕ್ಕೆ ನಿಮ್ಮ ನಿರ್ಲಕ್ಷ್ಯವೇ ಕಾರಣ ಎಂದು ಅದರಲ್ಲಿತ್ತು.

"ಈಗ ತಾನೇ ಕರ್ಮಯೋಗಿ ಅಂದ್ರಲ್ಲ ಸಾರ್, ಅದನ್ನೇ ಇದರಲ್ಲೂ ಬರೀರಿ. ಸಹಿ ಹಾಕ್ತೀನಿ" ಎಂದೆ.

ಅವರು ಕಾಗದ ಮಡಚಿಕೊಂಡರು.

ಮನೆಗೆ ಬಂದು ಅಮ್ಮನಿಗೆ ಆ ಪದಗಳನ್ನೆಲ್ಲ ಹೇಳಿ, "ಬರೀ ನಾಟಕ" ಎಂದೆ.

"ಅವರದು ನಾಟಕಾನೇ ಇರಬಹುದು. ಆದ್ರೆ ಆ ಮಾತಲ್ಲಿ ಸುಳ್ಳೇನಿದೆ?" ಎಂದಳು ಅಮ್ಮ.

ನಮ್ಮ ಮನೆಯಲ್ಲಿ ನಿಮ್ಮನ್ನು ಹೊಗಳಿದ್ದು ಅದೇ ಮೊದಲು, ಅಪ್ಪಾ.