ಒಳಕ್ಕೆ ತೆರೆಯುವ ಬಾಗಿಲುಗಳು

ಕ್ರೀಡಾಗ್ರಾಮವನ್ನು ಶಾಶ್ವತ ಬಡಾವಣೆಯನ್ನಾಗಿ ಪರಿವರ್ತಿಸುವ ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ನಿಮ್ಮ ಬಡಾವಣೆಯ ನೆಲ ಕುಸಿಯುತ್ತಿದೆ, ಅದರ ಬಾಗಿಲುಗಳು ಒಳಕ್ಕೆ ತೆರೆಯುತ್ತವೆ. ಇವೆರಡೂ ಒಟ್ಟು ಸೇರಿದರೆ ಏನಾಗುತ್ತದೆಂದು ಹೇಳಲು ಈ ಪತ್ರ. ಮೊದಲು ಕಚೇರಿಗೇ ಬಂದು ಹೇಳಿದ್ದೆ. ನಿಮ್ಮವರು ಬಹಳ ಸೌಜನ್ಯದಿಂದ ಕೇಳಿಸಿಕೊಂಡು ಅಷ್ಟೇ ಸೌಜನ್ಯದಿಂದ ಮರೆತರು. ಹಾಗಾಗಿ ಈಗ ಊರೆಲ್ಲ ಕೇಳುವ ಹಾಗೆ ಪತ್ರಿಕೆಯ ಮೂಲಕ ಹೇಳುತ್ತಿದ್ದೇನೆ.

ನಾನು ಈ ಬಡಾವಣೆಯ ಏಕೈಕ ಅಂಗಡಿಯವಳು. ಚಳಿಗಾಲದ ಕ್ರೀಡಾಕೂಟದಲ್ಲಿ ಸ್ಕೀ ಹಲಗೆಗಳಿಗೆ ಮೇಣ ಹಚ್ಚುತ್ತಿದ್ದ ಕೋಣೆಯಲ್ಲಿ ಈಗ ಜನರ ಕೂದಲು ಕತ್ತರಿಸುತ್ತೇನೆ. ನೀವು ಹಂಚಿದ ಬಣ್ಣದ ಚಿತ್ರದಲ್ಲಿ ನನ್ನ ಅಂಗಡಿಯ ಪಕ್ಕ ಒಂದು ಬೇಕರಿ, ಒಂದು ಪುಸ್ತಕದಂಗಡಿ, ಬಲೂನು ಹಿಡಿದ ಒಂದು ಮಗು ಇದ್ದವು. ಬೇಕರಿ ಬರಲಿಲ್ಲ. ಪುಸ್ತಕದಂಗಡಿ ಬರಲಿಲ್ಲ. ಮಗು ಮಾತ್ರ ಬರುತ್ತಿದೆ, ಬರುವ ಸೋಮವಾರ. ಆ ಮಾತಿಗೆ ಆಮೇಲೆ ಬರುತ್ತೇನೆ.

ಕೊಲ್ಲಿಗೆ ಮಣ್ಣು ಸುರಿದು, ಕ್ರೀಡಾಪಟುಗಳು ಬರುವುದರೊಳಗೆ ಮುಗಿಯಲೇಬೇಕೆಂದು ಹಗಲಿರುಳು ಕಟ್ಟಿದ ಮನೆಗಳಿವು. ಓಣಿಯಂಥ ನಡುಹಾದಿಗಳ ತುಂಬ ಸ್ಕೀ ಚೀಲಗಳು, ಸಾಮಾನಿನ ಗಾಡಿಗಳು ಓಡಾಡುತ್ತವೆ, ಬಾಗಿಲು ಹೊರಕ್ಕೆ ಬಂದರೆ ಅಡ್ಡಿ ಎಂದು ಎಲ್ಲವನ್ನೂ ಒಳಕ್ಕೆ ತೆರೆಯುವಂತೆ ಕೂರಿಸಿದರು. ಎರಡು ವಾರ ಇದ್ದು, ಗೆದ್ದೋ ಸೋತೋ ಊರಿಗೆ ಹೋಗುವವರಿಗೆ ಅದು ಸಾಕಿತ್ತು. ನಾವು ಇಲ್ಲೇ ಬದುಕಿ ಇಲ್ಲೇ ಸಾಯುತ್ತೇವೆಂದು ಬಂದವರು. ಆದರೆ ಇಷ್ಟು ಬೇಗ ಎಂದು ಮಾತಾಗಿರಲಿಲ್ಲ. ಬಾಗಿಲುಗಳನ್ನೆಲ್ಲ ಹೊರಕ್ಕೆ ತಿರುಗಿಸಿಕೊಡುತ್ತೇವೆ ಎಂದಿರಿ. ಹಿಡಿಕೆಗಳನ್ನು ಬದಲಾಯಿಸಿದಿರಿ. ಹಿಡಿಕೆಗಳು ಚೆನ್ನಾಗಿವೆ.

ಹೋದ ಶರತ್ಕಾಲದಿಂದ ನನ್ನ ಕತ್ತರಿ, ಬಾಚಣಿಗೆ ಇಡುವ ಗಾಲಿ ಮೇಜು ತಾನಾಗಿಯೇ ಸಮುದ್ರದ ಕಡೆಯ ಕಿಟಕಿಗೆ ಹೊರಡುತ್ತದೆ. ಎಳೆದು ತಂದು ನಿಲ್ಲಿಸಿದರೆ ಒಂದು ತಲೆ ಮುಗಿಯುವುದರೊಳಗೆ ಮತ್ತೆ ಅಲ್ಲಿರುತ್ತದೆ. ಚೌಕಟ್ಟುಗಳು ಸೊಟ್ಟಗಾಗಿ ಮನೆಮನೆಯ ಬಾಗಿಲು ಹಿಡಿದುಕೊಳ್ಳುತ್ತಿವೆ. ಕೆಲವರು ಸಾಬೂನು ಉಜ್ಜುತ್ತಾರೆ, ಕೆಲವರು ಕಾಲಿನಿಂದ ಒದೆಯುತ್ತಾರೆ. ನೀವು ಕಳಿಸಿದ ತರುಣ ತಜ್ಞರು ನನ್ನ ಅಂಗಡಿಯಲ್ಲೇ ಕಾಫಿ ಕುಡಿಯುತ್ತ ಹೇಳಿದರು: "ಹೊಸ ಕಟ್ಟಡ ಅಂದ್ಮೇಲೆ ಸ್ವಲ್ಪ ಕೂತ್ಕೊಳ್ಳುತ್ತೆ, ಗಾಬರಿ ಬೀಳ್ಬೇಡಿ."

"ಎಲ್ಲೀವರೆಗೆ ಕೂತ್ಕೊಳ್ಳುತ್ತಪ್ಪಾ?" ಎಂದೆ.

"ಅದಕ್ಕೆ ಸಾಕು ಅನ್ಸೋವರೆಗೆ," ಎಂದು ನಕ್ಕರು. ಅಷ್ಟರಲ್ಲಿ ಮೇಜು ಮೆಲ್ಲಗೆ ಉರುಳಿ ಬಂದು ಅವರ ಮೊಣಕಾಲಿಗೆ ತಾಗಿತು. ಕಾಫಿ ಅರ್ಧಕ್ಕೇ ಬಿಟ್ಟು ಎದ್ದರು.

ಇನ್ನು ನಮ್ಮ ಹಬೆಸ್ನಾನದ ಮನೆಯ, ಸೌನಾದ, ವಿಷಯ. ಫಿನ್ಲೆಂಡಿನಲ್ಲಿ ಹುಟ್ಟಿದ ಯಾರಿಗೂ ಹೇಳಿಕೊಡಬೇಕಾಗಿಲ್ಲದ ಮಾತೊಂದಿದೆ: ಸೌನಾದ ಬಾಗಿಲು ಹೊರಕ್ಕೇ ತೆರೆಯಬೇಕು. ಬಿಸಿ ಹಬೆಯಲ್ಲಿ ತಲೆ ಸುತ್ತಿ ಬಿದ್ದವರು ಬಾಗಿಲ ಮೇಲೆ ಬಿದ್ದರೂ ಬಾಗಿಲು ತೆರೆದುಕೊಳ್ಳಲಿ ಎಂದು. ನಮ್ಮ ಅಜ್ಜಂದಿರು ಕಾಡಿನ ಗುಡಿಸಲಲ್ಲೂ ಇದನ್ನು ತಪ್ಪಿದವರಲ್ಲ. ನೀವೋ ಕ್ರೀಡಾಪಟುಗಳ ಮೈ ನೀವುತ್ತಿದ್ದ ಕೋಣೆಗೆ ಮರದ ಹಲಗೆ ಹೊಡೆದು, ಒಲೆ ಇಟ್ಟು, ಬಾಗಿಲನ್ನು ಇದ್ದ ಹಾಗೇ ಬಿಟ್ಟು, ಬಡಾವಣೆಯ ಸೌನಾ ಎಂದು ರಿಬ್ಬನ್ ಕತ್ತರಿಸಿದಿರಿ. ಮಾನ್ಯರೇ, ನೀವು ಸ್ನಾನ ಎಲ್ಲಿ ಮಾಡುತ್ತೀರಿ?

ಹೆಲ್ವಿ ನನ್ನ ಮೇಲಿನ ಮನೆಯವರು, ಜೀವಮಾನವಿಡೀ ಟ್ರಾಮ್ ಓಡಿಸಿದ ಹೆಂಗಸು. ಒಂದು ಶನಿವಾರ ಸೌನಾದಲ್ಲಿ ಅವರ ಸರದಿ. ಹೊರಬರಲು ಬಾಗಿಲು ಎಳೆದರೆ ನಿಮ್ಮ ಹೊಸ ಹಿಡಿಕೆ ಕೈಗೆ ಬಂತು, ಬಾಗಿಲು ಬರಲಿಲ್ಲ. ಬಡಿದರು. ಹೊರಗೆ ಮುಂದಿನ ಸರದಿಯವರು, ನಮ್ಮ ಬಡಾವಣೆಯ ಮುದುಕ ತಾವಿ, ಹೆಗಲಿಗೆ ಟವೆಲ್ ಹಾಕಿಕೊಂಡು ಬೆಂಚಿನ ಮೇಲೆ ಕೂತಿದ್ದರು. ಬಡಿತ ಅವರಿಗೆ ಚೆನ್ನಾಗಿಯೇ ಕೇಳಿತು. ಬರ್ಚ್ ಮರದ ಸೊಪ್ಪಿನ ಕಟ್ಟಿನಿಂದ ಹೆಲ್ವಿ ಮೈ ಬಡಿದುಕೊಳ್ಳುತ್ತಿದ್ದಾರೆ ಎಂದುಕೊಂಡರು. ನಾವೆಲ್ಲ ಸೌನಾದಲ್ಲಿ ಮಾಡುವುದೇ ಅದು. ಒಬ್ಬ ಹೆಂಗಸು ಬೆತ್ತಲೆ ಕೂತು ಸೊಪ್ಪಿನಲ್ಲಿ ಬಡಿದುಕೊಳ್ಳುವುದನ್ನು ಕಿವಿಗೊಟ್ಟು ಕೇಳುವುದು ಮರ್ಯಾದೆಯಲ್ಲ ಎಂದು ಬೆಂಚು ಬಿಟ್ಟು ದೂರದ ಮೆಟ್ಟಿಲ ಬಳಿ ಹೋಗಿ ನಿಂತರು. ಹೆಲ್ವಿಯ ಸರದಿ ಮುಗಿದ ಮೇಲೂ, ಅವಸರ ಮಾಡಬಾರದೆಂದು, ಇನ್ನಷ್ಟು ಹೊತ್ತು ಕಾದರು. ಅಷ್ಟರಲ್ಲಿ ಬಡಿತ ನಿಂತಿತ್ತು.

ತಾವಿ ತಳ್ಳಿದರೆ ಬಾಗಿಲು ಬೆರಳಿನಷ್ಟು ಸರಿದು ಮೆತ್ತಗಿನದೇನಕ್ಕೋ ತಾಗಿತು. ಅದು ಹೆಲ್ವಿಯ ಹೆಗಲು.

"ಹೆಲ್ವಿ, ದಯವಿಟ್ಟು ಒಂಚೂರು ಆಚೆ ಸರೀತೀರಾ?"

"ಸರಿಯೋಕಾಗಿದ್ರೆ... ಆಗ್ಲೇ ಮನೇಲಿರ್ತಿದ್ದೆ ಕಣಯ್ಯ."

ಆ ಉತ್ತರ ಕೇಳಿಯೇ ಬದುಕಿದ್ದಾರೆಂದು ಗೊತ್ತಾಯಿತಂತೆ. ನಾನು ಕೂಗು ಕೇಳಿ ಓಡಿಹೋದಾಗ ತಾವಿ ಹಿಮ ಎತ್ತುವ ಸಲಿಕೆಯಿಂದ ಬಾಗಿಲು ಮೀಟುತ್ತ ಅಳುತ್ತಿದ್ದರು. ಇಬ್ಬರೂ ಸೇರಿ ಬಾಗಿಲು ಕಿತ್ತು ಹೆಲ್ವಿಯನ್ನು ಹೊರಗೆಳೆದೆವು. ಬಾಗಿಲ ಕೆಳಗಿನ ಸಂದಿಗೆ ಬಾಯಿಟ್ಟು ಉಸಿರಾಡಿದ್ದ ಅವರ ತುಟಿ ಬೆಂದಿತ್ತು. ಈಗ ಎದ್ದು ಓಡಾಡುತ್ತಾರೆ. ಆದರೆ ಕೂದಲು ತೊಳೆಯಲೆಂದು ನನ್ನ ಕುರ್ಚಿಯಲ್ಲಿ ಕೂರಿಸಿ ಬಿಸಿನೀರು ಬಿಟ್ಟರೆ ಕುರ್ಚಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. ನನಗೆ ಅದನ್ನು ನೋಡಲಾಗುವುದಿಲ್ಲ.

ನಿಮ್ಮ ವಿಭಾಗ ಕೈಗೊಂಡ ಕ್ರಮವನ್ನೂ ಹೇಳಿಬಿಡುತ್ತೇನೆ. ಸೌನಾದ ಗೋಡೆಗೆ ಸೂಚನೆ ಅಂಟಿಸಿದ್ದೀರಿ: ಬಾಗಿಲನ್ನು ಸ್ವಲ್ಪ ತೆರೆದಿಟ್ಟುಕೊಂಡು ಬಳಸತಕ್ಕದ್ದು. ಬಾಗಿಲು ತೆರೆದ ಸೌನಾ! ಅದನ್ನು ಬರೆದವರು ಈ ದೇಶದವರೇ ಎಂದು ಹೆಲ್ವಿ ಕೇಳಿದರು.

ಈಗ ಮಗುವಿನ ಮಾತು. ಕ್ರೀಡಾಪಟುಗಳು ಊಟ ಮಾಡುತ್ತಿದ್ದ ಸಭಾಂಗಣಕ್ಕೆ ಹಳದಿ ಬಣ್ಣ ಬಳಿದು ಸೋಮವಾರದಿಂದ ಶಿಶುವಿಹಾರ ಮಾಡುತ್ತಿದ್ದೀರಿ. ಕಟ್ಟಡಗಳಲ್ಲಿ ಸಮುದ್ರಕ್ಕೆ ತೀರ ಹತ್ತಿರದ್ದು ಅದೇ. ಅಲ್ಲಿನ ಬಾಗಿಲುಗಳು ಅಗಲವಾಗಿವೆ, ಭಾರವಾಗಿವೆ, ಒಳಕ್ಕೇ ತೆರೆಯುತ್ತವೆ. ಹೋದ ವಾರ ನಾನು ಹೋಗಿ ಒಂದನ್ನು ಎಳೆದು ನೋಡಿದೆ. ಎರಡೂ ಕೈ ಬೇಕಾದವು, ಗೋಡೆಗೆ ಕಾಲು ಕೊಡಬೇಕಾಯಿತು. ಹೊಗೆ ಬಂದರೆ, ದೀಪ ಹೋದರೆ, ಮಕ್ಕಳು ಏನು ಮಾಡುತ್ತವೆ? ಬಾಗಿಲಿಗೆ ಓಡಿ ಅದಕ್ಕೆ ಒತ್ತಿಕೊಂಡು ನಿಲ್ಲುತ್ತವೆ. ಒಂದರ ಹಿಂದೆ ಒಂದು ಒತ್ತಿದಷ್ಟೂ ಆ ಬಾಗಿಲು ಮುಚ್ಚಿಯೇ ಇರುತ್ತದೆ. ತಾವಿಯ ಮೊಮ್ಮಗಳು ಇಲ್ತಾಳ ಹೆಸರು ಅಲ್ಲಿ ದಾಖಲಾಗಿದೆ. "ಕಳಿಸ್ಬೇಡ ಅಂತ ಮಗಳಿಗೆ ಹೇಳ್ದೆ. ಅಪ್ಪಾ, ಇಲಾಖೆಯೋರು ನೋಡಿರ್ತಾರೆ ಬಿಡಿ ಅಂದ್ಳು," ಎಂದರು ತಾವಿ. ನಿಮ್ಮನ್ನು ಇಷ್ಟು ನಂಬುವವರು ಇನ್ನೂ ಇದ್ದಾರೆ, ಮಾನ್ಯರೇ.

ಇಷ್ಟು ಬರೆದು ಅಂಚೆಗೆ ಹಾಕಲು ಎದ್ದೆ. ಅಂಗಡಿಯ ಬಾಗಿಲು ಬರಲಿಲ್ಲ. ಬೆಳಿಗ್ಗೆ ಸಲೀಸಾಗಿ ತೆರೆದಿದ್ದ ಬಾಗಿಲು. ಬಡಿದೆ. ಒಳಗೆ ಏನೋ ರಿಪೇರಿ ನಡೆದಿದೆ ಎಂದುಕೊಂಡು ಗಾಜಿನಾಚೆ ಹೋಗುತ್ತಿದ್ದ ಇಬ್ಬರು ನಸುನಕ್ಕು ಕೈಬೀಸಿ ಹೋದರು. ಕೊನೆಗೆ ತಾವಿ ಬಂದು ಗಾಜಿಗೆ ಮುಖವಿಟ್ಟು, "ಕೈಸು, ಕೆಲಸ ಇದ್ರೆ ಆಮೇಲೆ ಬರ್ಲಾ?" ಎಂದರು. ಹೋಗಬೇಡಿ, ಸಲಿಕೆ ತನ್ನಿ ಎಂದೆ. ತರಲು ಹೋಗಿದ್ದಾರೆ.

ನನ್ನ ಬೇಡಿಕೆ ಇಷ್ಟೇ. ಬಾಗಿಲುಗಳನ್ನೆಲ್ಲ ಹೊರಕ್ಕೆ ತಿರುಗಿಸುವವರೆಗೆ, ನೆಲ ಎಲ್ಲಿಯವರೆಗೆ ಇಳಿಯುತ್ತದೆಂದು ಬಲ್ಲವರು ನೋಡಿ ಹೇಳುವವರೆಗೆ, ಶಿಶುವಿಹಾರವನ್ನು ತೆರೆಯಬೇಡಿ. ನಾವು ಪರರ ಗೋಡೆಯಾಚೆಗೆ ಕಿವಿಗೊಡದ ಜನ. ಹೆಲ್ವಿ ಬಡಿದಾಗ ಸೊಪ್ಪು ಎಂದುಕೊಂಡೆವು, ನಾನು ಬಡಿದಾಗ ರಿಪೇರಿ ಎಂದುಕೊಂಡರು. ಆ ಹಳದಿ ಕಟ್ಟಡದಿಂದ ಬಡಿತ ಕೇಳಿಸಿದರೆ ಮಕ್ಕಳು ಆಡುತ್ತಿವೆ ಎಂದುಕೊಂಡು, ತೊಂದರೆ ಕೊಡಬಾರದೆಂದು, ಸ್ವಲ್ಪ ದೂರ ಹೋಗಿ ನಿಲ್ಲುತ್ತೇವೆ.

ಇಂತಿ,
ಈ ಪತ್ರವನ್ನು ಬಾಗಿಲ ಸಂದಿಯಿಂದ ಹೊರಕ್ಕೆ ತಳ್ಳುತ್ತಿರುವ, ಸದ್ಯಕ್ಕೆ ಒಳಗೇ ಇರುವ ನಿಮ್ಮ ಶಾಶ್ವತ ನಿವಾಸಿ,
ಕೈಸು ರಂತಲ